ಗೋವಾದ ಮಳೆಗೆ ಹೊರಗಿನ ಮರ ಉಳಿಯಬೇಕಾದರೆ: ಚೌತಿಗೆ ಬೇಡ, ದೀಪಾವಳಿ ಕಳೆದ ಮೇಲೆ ಬಣ್ಣ ಹೊಡೆಯಿರಿ

ಗೋವಾದಲ್ಲಿ ಜನ ಬಣ್ಣದ ಡಬ್ಬಿ ಹಿಡಿದು ಓಡಾಡುವುದು ಚೌತಿ ಹತ್ತಿರ ಬಂದಾಗ. ಗಣಪತಿ ಮನೆಗೆ ಬರುವ ಹೊತ್ತಿಗೆ ಎಲ್ಲ ಹೊಸದಾಗಿ ಕಾಣಬೇಕು, ಸರಿ, ಒಳಗಿನ ಗೋಡೆಗೆ ಏನು ಬೇಕಾದರೂ ಹೊಡೆದುಕೊಳ್ಳಿ. ಆದರೆ ಹೊರಬಾಗಿಲು, ಕಿಟಕಿ ಕದ, ಮರದ ಗೇಟು, ಜಗಲಿಯ ಬೆಂಚು, ಇವಕ್ಕೆ ಆಗ ಬ್ರಷ್ ಮುಟ್ಟಿಸಬೇಡಿ. ಚೌತಿ ಬರುವುದು ಆಗಸ್ಟ್ ಕೊನೆಗೋ ಸೆಪ್ಟೆಂಬರ್‌ಗೋ. ಅಷ್ಟು ಹೊತ್ತಿಗೆ ಮರ ಎರಡೂವರೆ, ಮೂರು ತಿಂಗಳಿಂದ ನೀರು ಕುಡಿದಿರುತ್ತದೆ. ಅದರ ಮೇಲೆ ಎನಾಮೆಲ್ ಬಳಿದರೆ ನೀರನ್ನು ಒಳಗಿಟ್ಟು ಬೀಗ ಹಾಕಿದ ಹಾಗೆ. ಅಕ್ಟೋಬರ್ ಬಿಸಿಲು ಬಿದ್ದ ಕೂಡಲೇ ಆ ನೀರು ಆವಿಯಾಗಿ ಹೊರಗೆ ಬರಲು ನೋಡುತ್ತದೆ, ದಾರಿ ಸಿಗುವುದಿಲ್ಲ, ಬಣ್ಣವನ್ನೇ ಗುಳ್ಳೆ ಎಬ್ಬಿಸಿಕೊಂಡು ಬರುತ್ತದೆ. ಆಮೇಲೆ ನಾವು ಬಣ್ಣದ ಕಂಪನಿಗೆ ಬೈಯುತ್ತೇವೆ.

ಹೊರಗಿನ ಮರದ ಕೆಲಸಕ್ಕೆ ಒಳ್ಳೆಯ ಕಾಲ ದೀಪಾವಳಿ ಕಳೆದ ಮೇಲಿಂದ ಫೆಬ್ರವರಿವರೆಗೆ. ಪಕ್ಕದ ಕ್ರಿಶ್ಚಿಯನ್ ಮನೆಯವರು ಕ್ರಿಸ್‌ಮಸ್‌ಗೆ ಅಂತ ಡಿಸೆಂಬರ್‌ನಲ್ಲಿ ಹೊಡೆಸುತ್ತಾರಲ್ಲ, ಈ ವಿಷಯದಲ್ಲಿ ಅವರದೇ ಸರಿ. ಮಾರ್ಚ್, ಏಪ್ರಿಲ್ ಕೂಡ ನಡೆಯುತ್ತದೆ. ಮೇ ಕೊನೆಯ ವಾರದಲ್ಲಿ ಗಡಿಬಿಡಿ ಮಾಡುವುದು ಮಾತ್ರ ಬೇಡ. ಮಳೆ ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿ ಗೋವಾ ಮುಟ್ಟುತ್ತದೆ, ಎನಾಮೆಲ್ ಬೆರಳಿಗೆ ಅಂಟದಿದ್ದರೂ ಒಳಗಿನವರೆಗೆ ಗಟ್ಟಿಯಾಗಲು ವಾರಕ್ಕೂ ಜಾಸ್ತಿ ಬೇಕು.

ಇಲ್ಲಿ ನೆಲೆಸಿದ ನಮ್ಮ ಕನ್ನಡದವರದು ಇನ್ನೊಂದು ತೊಂದರೆ ಇದೆ. ಊರಿನ ಲೆಕ್ಕವನ್ನು ಇಲ್ಲಿಗೂ ತರುತ್ತೇವೆ. ವಾಸ್ಕೋ, ಮಡಗಾಂವ, ಮಾಪುಸಾದಲ್ಲಿ ಗದಗ, ಬಾಗಲಕೋಟೆ, ವಿಜಯಪುರ, ಹಾವೇರಿ ಕಡೆಯವರು ಬೇಕಾದಷ್ಟು ಜನ ಇದ್ದಾರೆ. ಊರಲ್ಲಿ ಸಾಗುವಾನಿ ಬಾಗಿಲಿಗೆ ಯುಗಾದಿಗೊಮ್ಮೆ ಎಣ್ಣೆ ಒರೆಸಿದರೆ ಮುಗಿಯಿತು, ಅಜ್ಜನ ಕಾಲದ ಬಾಗಿಲು ಇನ್ನೂ ಗಟ್ಟಿ. ವಿಜಯಪುರದಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು. ಗೋವಾದಲ್ಲಿ ಸುಮಾರು 3000, ಅದೂ ಹೆಚ್ಚುಕಮ್ಮಿ ಎಲ್ಲ ನಾಲ್ಕೇ ತಿಂಗಳಲ್ಲಿ. ಜೊತೆಗೆ ಉಪ್ಪುಗಾಳಿ. ಉಪ್ಪು ಮರದ ಮೇಲೆ ಕೂತರೆ ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ, ಮಳೆ ಬಿಟ್ಟ ದಿನವೂ ಮೈ ಪಸೆ ಆರುವುದಿಲ್ಲ. ದಾಂಡೇಲಿಯಿಂದ ತರಿಸಿದ ಒಳ್ಳೆ ಸಾಗುವಾನಿಯೇ ಇರಲಿ, ಇಲ್ಲಿ ಅದಕ್ಕೆ ಆರೈಕೆ ಬೇಕು. ಇನ್ನು ಮಾವು, ರಬ್ಬರ್ ಮರ, ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಆದರೆ ಕೇಳುವುದೇ ಬೇಡ. ಸಾಗುವಾನಿಯಲ್ಲೂ ಚೇಗಿಗೆ, ಅಂದರೆ ಒಳಗಿನ ಕಡುಬಣ್ಣದ ತಿರುಳಿಗೆ, ಮಾತ್ರ ತಡೆಯುವ ಶಕ್ತಿ. ಹೊರಗಿನ ಬಿಳಿ ಭಾಗ ಸೇರಿಸಿ ಕೊಯ್ದ ಹಲಗೆ ಯಾವ ಮರದ್ದೇ ಆದರೂ ಬೇಗ ಕೊಳೆಯುತ್ತದೆ. ಬಡಗಿ ಹತ್ತಿರ ಮರ ಕೊಳ್ಳುವಾಗ ಜಾತಿ ಕೇಳಿದಷ್ಟೇ ಗಮನ ಕೊಟ್ಟು ಅಂಚಿನ ಬಿಳುಪನ್ನೂ ನೋಡಿ.

ಮೊದಲು ಎಲ್ಲಿ ಹಾಳಾಗಿದೆ ನೋಡಿ

ಮನೆಯ ದಕ್ಷಿಣ ಮತ್ತು ಪಶ್ಚಿಮದ ಕಿಟಕಿಗಳಿಂದ ಶುರು ಮಾಡಿ. ಮಳೆಗಾಲದ ಗಾಳಿ ನೈಋತ್ಯದಿಂದ ಬರುತ್ತದೆ, ಇರುಚಲು ಹೊಡೆಯುವುದು ಅಲ್ಲೇ, ಉಳಿದ ಎಂಟು ತಿಂಗಳು ಮಧ್ಯಾಹ್ನದ ಬಿಸಿಲೂ ಅಲ್ಲೇ.

ಕಿಟಕಿ ಕದದ ಕೆಳಗಿನ ಮೂಲೆಗೆ ಕಣ್ಣು ಹತ್ತಿರ ಒಯ್ಯಿರಿ. ನಿಂತ ಪಟ್ಟಿಯೂ ಅಡ್ಡ ಪಟ್ಟಿಯೂ ಸೇರುವ ಕಡೆ ಬಣ್ಣದಲ್ಲಿ ಕೂದಲೆಳೆಯಷ್ಟು ಸೀಳು ಕಾಣುತ್ತದೆ. ಮರ ನೀರು ಕುಡಿದಾಗ ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಬಹುತೇಕ ಬೆಳೆಯುವುದಿಲ್ಲ. ಅಡ್ಡವೂ ಉದ್ದವೂ ಸೇರುವ ಜಾಗದಲ್ಲಿ ಒಂದು ಒಂದು ಕಡೆ ಎಳೆದರೆ ಇನ್ನೊಂದು ಸುಮ್ನೆ ನಿಂತಿರುತ್ತದೆ, ಹಾಗಾಗಿ ಬಣ್ಣ ಮೊದಲು ಬಿರುಕು ಬಿಡುವುದು ಅಲ್ಲಿ. ಆ ಸೀಳಿನ ಸುತ್ತ ಬಣ್ಣದ ಕೆಳಗೆ ಕಪ್ಪು ನೆರಳು ಇದೆಯಾ? ಸಣ್ಣ ಸ್ಕ್ರೂಡ್ರೈವರ್ ತುದಿ ಇಟ್ಟು ಒತ್ತಿ. ಗಟ್ಟಿ ಮರ ಆದರೆ ತುದಿ ಜಾರುತ್ತದೆ. ಕೊಳೆತಿದ್ದರೆ ಹೆಚ್ಚು ಬಲ ಹಾಕದೆಯೇ ಒಳಗಿಳಿಯುತ್ತದೆ, ಎಳೆದಾಗ ಕಂದು ಪುಡಿಯೋ ಒದ್ದೆ ನಾರೋ ಅಂಟಿ ಬರುತ್ತದೆ. ಈಗ ಕದ ತೆರೆದು ಕೆಳಗಿನ ಅಂಚಿಗೆ ಬೆರಳಾಡಿಸಿ. ಹತ್ತರಲ್ಲಿ ಒಂಬತ್ತು ಮನೆಯಲ್ಲಿ ಅಲ್ಲಿ ಬಣ್ಣವೇ ಇರುವುದಿಲ್ಲ. ಕಾಣುವುದಿಲ್ಲ ಅಂತ ಪೇಂಟರ್ ಬಿಟ್ಟಿರುತ್ತಾನೆ, ನಾವೂ ನೋಡಿರುವುದಿಲ್ಲ.

ಎಲ್ಲ ಅನಾಹುತದ ಬೇರು ಆ ಕೆಳ ಅಂಚು. ಮರದ ಒಳಗೆ ನೀರು ಓಡಾಡುವ ನಳಿಗೆಗಳು ಉದ್ದುದ್ದ ಇರುತ್ತವೆ. ಅಡ್ಡ ಕೊಯ್ದ ತುದಿಯಲ್ಲಿ ಅವುಗಳ ಬಾಯಿ ತೆರೆದಿರುತ್ತದೆ, ಹಲಗೆಯ ಮುಖಕ್ಕಿಂತ ಎಷ್ಟೋ ಪಟ್ಟು ಬೇಗ ಅದು ನೀರು ಹೀರುತ್ತದೆ. ಬಾಗಿಲ ಚೌಕಟ್ಟಿನ ಕಾಲು, ಬೆಂಚಿನ ಕಾಲು, ಬೇಲಿ ಕಂಬದ ತಲೆ, ಗೇಟಿನ ಪಟ್ಟಿಗಳ ತುದಿ ಎಲ್ಲ ಇದೇ ಕಥೆ. ಮರದ ತೂಕದಲ್ಲಿ ನೀರು ನೂರಕ್ಕೆ 20ಕ್ಕಿಂತ ಮೇಲೆ ಹೋಗಿ ಅಲ್ಲೇ ನಿಂತರೆ ಕೊಳೆಸುವ ಶಿಲೀಂಧ್ರಕ್ಕೆ ಹಬ್ಬ. ಒಣ ಮರ ಕೊಳೆಯುವುದಿಲ್ಲ, ಎಷ್ಟು ಹಳೆಯದಾದರೂ.

ಮೇಲ್ಮೈ ಬೂದುಬಣ್ಣಕ್ಕೆ ತಿರುಗಿದ್ದರೆ ಹೆದರಬೇಡಿ. ಮರದ ನಾರನ್ನು ಹಿಡಿದಿಡುವ ಲಿಗ್ನಿನ್ ಅನ್ನುವ ವಸ್ತುವನ್ನು ಬಿಸಿಲಿನ ಅತಿನೇರಳೆ ಕಿರಣ ಒಡೆಯುತ್ತದೆ, ಮಳೆ ಅದನ್ನು ತೊಳೆದುಕೊಂಡು ಹೋಗುತ್ತದೆ, ಉಳಿದ ನಾರು ಬೂದಿಯ ಹಾಗೆ ಕಾಣುತ್ತದೆ. ಅದು ತೆಳುವಾದ ಪದರ ಅಷ್ಟೇ. ಕೆಳಗೆ ಮರ ಚೆನ್ನಾಗಿರುತ್ತದೆ. ಆದರೆ ಆ ಬೂದು ಪದರದ ಮೇಲೇ ಬಣ್ಣ ಹೊಡೆದರೆ ನಿಲ್ಲುವುದಿಲ್ಲ, ಸಡಿಲ ನಾರಿನ ಜೊತೆ ಬಣ್ಣವೂ ಎದ್ದು ಬರುತ್ತದೆ.

ತೊಳೆಯುವುದು, ಒಣಗಿಸುವುದು, ಉಜ್ಜುವುದು

ಮಳೆ ನಿಂತ ಮೇಲೆ ಮೊದಲ ಕೆಲಸ ಸಿಹಿನೀರಿನಲ್ಲಿ ತೊಳೆಯುವುದು. ಉಪ್ಪು ಹೋಗಬೇಕು. ಮೆತ್ತನೆ ಬ್ರಷ್, ಸ್ವಲ್ಪ ಸೋಪಿನ ನೀರು ಸಾಕು. ಹೈ ಪ್ರೆಷರ್ ಗನ್ ತೆಗೆದುಕೊಂಡು ಮರಕ್ಕೆ ಹೊಡೆಯಬೇಡಿ, ನಾರು ಕಿತ್ತು ಬರುತ್ತದೆ, ಸಂದಿಯೊಳಗೆ ನೀರು ನುಗ್ಗುತ್ತದೆ. ಕಪ್ಪು ಬೂಸ್ಟು ಇದ್ದರೆ ಬಟ್ಟೆಗೆ ಹಾಕುವ ಬ್ಲೀಚ್ ಒಂದು ಪಾಲಿಗೆ ನೀರು ನಾಲ್ಕು ಪಾಲು ಸೇರಿಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಿರಿ. ಕಬ್ಬಿಣದ ಮೊಳೆಯ ಸುತ್ತ ಇರುವ ಕಪ್ಪು ಕಲೆ ಬೂಸ್ಟಲ್ಲ. ಮರದಲ್ಲೇ ಇರುವ ಟ್ಯಾನಿನ್ ಅನ್ನುವ ಒಗರು ವಸ್ತು ಕಬ್ಬಿಣದ ಜೊತೆ ಸೇರಿ ಆದದ್ದು, ಬ್ಲೀಚ್‌ಗೆ ಜಗ್ಗುವುದಿಲ್ಲ. ಅದಕ್ಕೆ ಆಕ್ಸಾಲಿಕ್ ಆಸಿಡ್ ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಪುಡಿಯಾಗಿ ಸಿಗುತ್ತದೆ, ವಿಷ, ಕೈಗವಸು ಹಾಕಿಕೊಳ್ಳಿ, ಮಕ್ಕಳಿಂದ ದೂರ ಇಡಿ. ಬ್ಲೀಚ್ ಮತ್ತು ಆಸಿಡ್ ಯಾವತ್ತೂ ಒಟ್ಟಿಗೆ ಬೀಳಬಾರದು, ಕ್ಲೋರಿನ್ ಅನಿಲ ಏಳುತ್ತದೆ. ಒಂದನ್ನು ಪೂರ್ತಿ ತೊಳೆದು, ಬೇರೆ ದಿನ ಇನ್ನೊಂದು. ಮೊಳೆ ಬದಲಿಸುವುದಾದರೆ ಸಮುದ್ರದ ಹತ್ತಿರದ ಮನೆಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಕ್ರೂ, ಇಲ್ಲವೇ ಹಿತ್ತಾಳೆ. ಸತುವಿನ ಕಲಾಯಿ ಹಾಕಿದ ಮೊಳೆ ಬೋಗ್ಮಾಲೊ, ಕೋಲ್ವಾದಂತಹ ಕಡೆ ಜಾಸ್ತಿ ದಿನ ಉಳಿಯುವುದಿಲ್ಲ.

ಆಮೇಲೆ ಕಾಯಿರಿ. ಇದೇ ಯಾರಿಗೂ ಆಗದ ಕೆಲಸ. ಅಕ್ಟೋಬರ್ ಪೂರ್ತಿ ಮರ ಬಿಸಿಲು ಗಾಳಿಗೆ ಒಣಗಲಿ, ಕದ ಕಳಚಿ ಜಗಲಿಯಲ್ಲಿ ಒರಗಿಸಿಟ್ಟರೆ ಇನ್ನೂ ಒಳ್ಳೆಯದು. ಎರಡು ಮುಳ್ಳಿನ ಮಾಯಿಶ್ಚರ್ ಮೀಟರ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ಒಂದು ಕೊಂಡರೆ ಓಣಿಯವರಿಗೆಲ್ಲ ಆಗುತ್ತದೆ. ನೂರಕ್ಕೆ 15ರ ಹತ್ತಿರ ಬಂದರೆ ಕೆಲಸ ಶುರು ಮಾಡಬಹುದು, 18 ದಾಟಿದ್ದರೆ ಬೇಡ. ಕೆಳಗಿನ ಮೂಲೆಯಲ್ಲೇ ಚುಚ್ಚಿ ನೋಡಿ, ನಡು ಹಲಗೆಯಲ್ಲಿ ಅಲ್ಲ.

ಎದ್ದ ಬಣ್ಣವನ್ನೆಲ್ಲ ಕೆರೆಯಿರಿ. ಗಟ್ಟಿ ಹಿಡಿದ ಬಣ್ಣ ಕೀಳುವ ಅಗತ್ಯ ಇಲ್ಲ, ಅಂಚನ್ನು ಇಳಿಜಾರಾಗಿ ಉಜ್ಜಿದರೆ ಸಾಕು. 80 ನಂಬರಿನ ಉಜ್ಜುಕಾಗದದಿಂದ ಶುರು ಮಾಡಿ 120, ಕೊನೆಗೆ 150 ಅಥವಾ 180. ಅದಕ್ಕಿಂತ ನುಣುಪು ಮಾಡಬೇಡಿ. ಒಳಗಿನ ಟೀಪಾಯಿಗೆ ಗಾಜಿನಂಥ ನುಣುಪು ಚೆಂದ, ಹೊರಗಿನ ಮರಕ್ಕೆ ಪ್ರೈಮರ್ (ಬಣ್ಣಕ್ಕೂ ಮೊದಲು ಹೊಡೆಯುವ ತಳದ ಕೋಟ್) ಹಿಡಿಯಲು ಸ್ವಲ್ಪ ಒರಟು ಬೇಕು. ಯಾವಾಗಲೂ ನಾರಿನ ದಿಕ್ಕಿನಲ್ಲಿ.

ಹಳೆ ಮನೆ ಆದರೆ ಇಲ್ಲಿ ಸ್ವಲ್ಪ ನಿಲ್ಲಿ. ಮನೆಗೆ ಬಳಸುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಅನ್ನುವ ನಿಯಮ ನಮ್ಮಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಿಂದ. ಅದಕ್ಕೂ ಹಿಂದಿನ ಎನಾಮೆಲ್‌ನಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರಿನಲ್ಲಿ, ಸೀಸ ಇದ್ದಿರಬಹುದು. ಅಂಥದ್ದನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬೇಡಿ. ವಾಟರ್ ಪೇಪರ್ ತಂದು ಒದ್ದೆ ಮಾಡಿ ಉಜ್ಜಿ, ಎನ್95 ಮಾಸ್ಕ್ ಹಾಕಿ, ಕೆಳಗೆ ಪ್ಲಾಸ್ಟಿಕ್ ಹಾಸಿ ಚೂರುಗಳನ್ನು ಕಟ್ಟಿ ಬಿಸಾಡಿ. ಸಣ್ಣ ಮಕ್ಕಳು, ಬಸುರಿಯರು ಆ ದಿನ ಬೇರೆ ಕಡೆ ಇದ್ದರೆ ಒಳ್ಳೆಯದು. ಒದ್ದೆ ಮಾಡಿ ಉಜ್ಜಿದ ಮೇಲೆ ಮತ್ತೆ ಒಣಗಿಸುವುದು ಇದ್ದೇ ಇದೆ.

ತೂತು, ಸಂದಿ, ಕೊಳೆತ ಮೂಲೆ

ಗೋಡೆಯ ಪುಟ್ಟಿಯನ್ನು ಮರಕ್ಕೆ ಮೆತ್ತುವ ಪೇಂಟರ್‌ಗಳಿದ್ದಾರೆ. ಬಿಡಬೇಡಿ. ಅದು ಬಿಳಿ ಸಿಮೆಂಟಿನ ಜಾತಿ, ಮರ ಹಿಗ್ಗಿ ಕುಗ್ಗಿದಾಗ ಒಡೆದು ಉದುರುತ್ತದೆ. ಸಣ್ಣ ತೂತಿಗೆ ಹೊರಗಡೆಗೆ ಆಗುವ ವುಡ್ ಫಿಲ್ಲರ್, ದೊಡ್ಡದಕ್ಕೆ ಎರಡು ಭಾಗ ಕಲಸುವ, ಕಲ್ಲಿನಂತೆ ಗಟ್ಟಿಯಾಗುವ ಎಪಾಕ್ಸಿ ಅಂಟು. ಕೊಳೆತ ಭಾಗವನ್ನು ಗಟ್ಟಿ ಮರ ಸಿಗುವವರೆಗೆ ಕೆತ್ತಿ ತೆಗೆಯಿರಿ, ಕೊಳೆತದ ಮೇಲೆ ಎಪಾಕ್ಸಿ ಮೆತ್ತಿದರೆ ಒಳಗೆ ಕೊಳೆ ಮುಂದುವರಿಯುತ್ತದೆ. ಎರಡು ಮೂರು ಇಂಚಿಗಿಂತ ಜಾಸ್ತಿ ಹೋಗಿದ್ದರೆ ಬಡಗಿಯನ್ನು ಕರೆಸಿ ಆ ತುಂಡನ್ನೇ ಬದಲಿಸುವುದು ಅಗ್ಗ.

ಹುಳು ಹಿಡಿದು ನುಣುಪು ಹಿಟ್ಟು ಉದುರುತ್ತಿದ್ದರೆ ಬರಿಮರಕ್ಕೆ ಬೋರಾಕ್ಸ್, ಬೋರಿಕ್ ಆಸಿಡ್ ದ್ರಾವಣ ಹಚ್ಚಬಹುದು. ಆದರೆ ಅದು ಮಳೆಗೆ ಕರಗಿ ಹೋಗುವಂಥದ್ದು, ಮೇಲೆ ಬಣ್ಣ ಬಿದ್ದರೆ ಮಾತ್ರ ಪ್ರಯೋಜನ. ಗೆದ್ದಲು ಬೇರೆ ವಿಷಯ. ಅದು ನೆಲದಿಂದ ಬರುತ್ತದೆ, ಮಣ್ಣಿನ ದಾರಿ ಹುಡುಕಿ ನೆಲಕ್ಕೇ ಔಷಧಿ ಮಾಡಿಸಬೇಕು. ಬಾಗಿಲಿಗೆ ಬಣ್ಣ ಹೊಡೆದರೆ ಗೆದ್ದಲು ಓಡುವುದಿಲ್ಲ.

ಸಂದಿಗೆ ಸಿಲಿಕೋನ್ ತುಂಬುವುದೂ ಬೇಡ, ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಬಣ್ಣ ಹಿಡಿಯುವ ಪಿಯು (ಪಾಲಿಯುರಿಥೇನ್) ಅಥವಾ ಅಕ್ರಿಲಿಕ್ ಸೀಲೆಂಟ್ ಕೇಳಿ. ಇನ್ನೊಂದು ಮಾತು: ಮೇಲಿನ ಸಂದಿ ಮುಚ್ಚಿ, ಕೆಳಗಿನದನ್ನು ಬಿಡಿ. ನೀವು ಏನೇ ಮಾಡಿದರೂ ನಾಲ್ಕು ತಿಂಗಳ ಮಳೆಯಲ್ಲಿ ಒಂದಿಷ್ಟು ನೀರು ಒಳಗೆ ಹೋಗಿಯೇ ಹೋಗುತ್ತದೆ. ಅದು ಇಳಿದು ಹೋಗಲು ಕೆಳಗೆ ದಾರಿ ಇರಲಿ. ಕಿಟಕಿಯ ಕೆಳಹಲಗೆ ಹೊರಕ್ಕೆ ಸ್ವಲ್ಪ ಇಳಿಜಾರು ಇದೆಯಾ ನೋಡಿ. ಅದರ ಅಡಿಯಲ್ಲಿ, ಹೊರ ಅಂಚಿನಿಂದ ಸುಮಾರು 10 ಮಿಲಿಮೀಟರ್ ಒಳಗೆ, ಉದ್ದಕ್ಕೂ ಒಂದು ಸಣ್ಣ ತೋಡು ಕೊರೆಸಿ. ಹಲಗೆಯ ಅಡಿಗೆ ಅಂಟಿಕೊಂಡು ಗೋಡೆ ಕಡೆ ಹರಿಯುವ ನೀರು ಆ ತೋಡು ದಾಟಲಾರದೆ ಅಲ್ಲೇ ತೊಟ್ಟಿಕ್ಕುತ್ತದೆ. ಬಡಗಿಗೆ ಅರ್ಧ ಗಂಟೆಯ ಕೆಲಸ, ಎರಡು ಕೋಟ್ ಬಣ್ಣಕ್ಕಿಂತ ಜಾಸ್ತಿ ಉಪಕಾರ.

ಹೊಸ ಚೌಕಟ್ಟು ಕೂರಿಸುತ್ತಿದ್ದರೆ ಗೋಡೆಗೆ ತಾಗುವ ಹಿಂಬದಿಗೆ ಮೊದಲೇ ಬಿಟುಮೆನ್ (ಡಾಂಬರಿನಂಥ ಕಪ್ಪು) ಬಣ್ಣ ಹೊಡೆಸಿ. ಇಲ್ಲಿಯ ಗೋಡೆ ಚಿರೆಕಲ್ಲಿನದು, ಮಳೆಗಾಲವಿಡೀ ತೇವ ಹಿಡಿದಿಟ್ಟುಕೊಂಡಿರುತ್ತದೆ. ಒಮ್ಮೆ ಗೋಡೆ ಸೇರಿದ ಮೇಲೆ ಆ ಬದಿಗೆ ಬ್ರಷ್ ಹೋಗುವ ಮಾತೇ ಇಲ್ಲ.

ಪ್ರೈಮರ್, ಅದಕ್ಕೂ ಮೊದಲು ತುದಿಗಳು

ಆಯಿಲ್ ಬೇಸ್ ವುಡ್ ಪ್ರೈಮರ್ ತೆಗೆದುಕೊಂಡು ಒಂದು ಬಟ್ಟಲಲ್ಲಿ ಸ್ವಲ್ಪಕ್ಕೆ ಮಾತ್ರ ಟರ್ಪೆಂಟೈನ್ ಸೇರಿಸಿ ನೀರಾಗಿಸಿ. ಅದನ್ನು ಎಲ್ಲ ಅಡ್ಡ ಕೊಯ್ದ ತುದಿಗಳಿಗೆ ಕುಡಿಸಿ. ಹಚ್ಚುತ್ತೀರಿ, ಕಣ್ಣೆದುರೇ ಹೀರಿಕೊಂಡು ಮಂಕಾಗುತ್ತದೆ. ಮತ್ತೆ ಹಚ್ಚಿ. ಹೀರುವುದು ನಿಲ್ಲುವವರೆಗೆ ಹಚ್ಚುತ್ತಲೇ ಇರಿ. ಬೆಂಚಿನ ಕಾಲನ್ನು ಇದೇ ತೆಳು ಪ್ರೈಮರ್ ಹಾಕಿದ ಹಳೆ ತಟ್ಟೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿಬಿಟ್ಟರೂ ಆಯಿತು. ಆಮೇಲೆ ಇಡೀ ಮರಕ್ಕೆ ಒಂದು ಕೋಟ್, ಒಣಗಿದ ಮೇಲೆ 220ರಲ್ಲಿ ಹಗುರವಾಗಿ ಉಜ್ಜಿ ಇನ್ನೊಂದು. ಕದದ ಮೇಲಂಚು, ಕೆಳಂಚು, ಹಿಂಜಿನ ಹಿಂದೆ, ಬೀಗದ ಗೂಡಿನೊಳಗೆ ಎಲ್ಲ ಕಡೆ. ಮುಂಬದಿಗೆ ಮಾತ್ರ ಬಣ್ಣ ಹೊಡೆದು ಹಿಂಬದಿ ಬಿಟ್ಟರೆ ಒಂದು ಮುಖ ತೇವ ಹೀರುತ್ತದೆ, ಇನ್ನೊಂದು ಹೀರುವುದಿಲ್ಲ, ಹಲಗೆ ಬಾಗುತ್ತದೆ.

ತೆಳು ಮಾಡಲು ಸೀಮೆಎಣ್ಣೆ ಬೇಡ. ಒಣಗುವುದು ತಡ, ಜಿಡ್ಡು ಉಳಿಯುತ್ತದೆ.

ಮೇಲೆ ಏನು ಹೊಡೆಯುವುದು

ಎಲ್ಲರೂ ಕೇಳುವ ಪ್ರಶ್ನೆ ಇದು, ಜಗಳವೂ ಇಲ್ಲೇ.

ಮರದ ಗೆರೆ ಕಾಣಬೇಕು, ಹೊಳೆಯಬೇಕು, ಆದರೆ ಬಿಸಿಲು ಮಳೆಯಲ್ಲಿ ನಿಲ್ಲಬೇಕು ಅನ್ನುವವರಿಗೆ ಬೇಸರದ ಸುದ್ದಿ. ಪಾರದರ್ಶಕ ವಾರ್ನಿಷ್ ಆಗಲಿ ಪಿಯು ಆಗಲಿ ಬೆಳಕನ್ನು ಒಳಗೆ ಬಿಡುತ್ತದೆ. ಅದರಲ್ಲಿ ಅತಿನೇರಳೆ ತಡೆಯುವ ವಸ್ತು ಇಲ್ಲದಿದ್ದರೆ ಮೇಲಿನ ಪದರ ಚೆನ್ನಾಗಿದ್ದರೂ ಕೆಳಗಿನ ಮರದ ಮೈ ಒಡೆದು ವಾರ್ನಿಷ್ ಹಾಳೆಹಾಳೆಯಾಗಿ ಏಳುತ್ತದೆ. ಸ್ಪಿರಿಟ್ ಪಾಲಿಶ್ ಅಂದರೆ ಅರಗಿನದು, ತೇವ ತಾಗಿದರೆ ಬೆಳ್ಳಗಾಗುತ್ತದೆ, ಹೊರಗೆ ಅದರ ಹೆಸರೇ ಎತ್ತಬೇಡಿ. ಮೆಲಮೈನ್ ಪಾಲಿಶ್ ಕೂಡ ಒಳಗಿನದೇ. ಹೊರಗಡೆಗೆ ಅಂತಲೇ ಮಾಡಿದ, ಅತಿನೇರಳೆ ತಡೆ ಇರುವ ಎರಡು ಭಾಗದ ಪಿಯು ಸಿಗುತ್ತದೆ, ದುಬಾರಿ, ಒಳ್ಳೆಯದೂ ಹೌದು. ಆದರೆ ಅದು ಕೆಟ್ಟಾಗ ತೇಪೆ ಹಾಕಲು ಬರುವುದಿಲ್ಲ, ಇಡೀ ಬಾಗಿಲನ್ನು ಬರಿಮರದವರೆಗೆ ಉಜ್ಜಬೇಕು. ಮುಂದೆ ದೊಡ್ಡ ಚಾವಣಿ ಇದ್ದು ಮಳೆ ಬಿಸಿಲು ನೇರ ಬೀಳದ ಮುಖ್ಯ ಬಾಗಿಲಿಗೆ ಇದನ್ನು ಒಪ್ಪುತ್ತೇನೆ. ಬಯಲಿನಲ್ಲಿರುವ ಗೇಟಿಗೆ ಇಲ್ಲ.

ಬಯಲಿಗೆ ಬಣ್ಣ ಇರುವುದೇ ಬೇಕು. ಬಣ್ಣದ ಪುಡಿಯೇ ಬಿಸಿಲನ್ನು ತಡೆಯುವುದು. ಎನಾಮೆಲ್ ಗಟ್ಟಿ, ಹೊಳಪು, ಒರೆಸಲು ಸುಲಭ, ಎಲ್ಲ ಪೇಂಟರ್‌ಗೂ ಗೊತ್ತು. ಅದರ ತಪ್ಪು ಅಂದರೆ ವರ್ಷ ಕಳೆದಂತೆ ಬಿರುಸಾಗುತ್ತದೆ, ಮರ ಆಡಿದಾಗ ಜೊತೆಗೆ ಆಡುವುದಿಲ್ಲ. ಹೊರಗಡೆಯ ಮರಕ್ಕೆ ಅಂತ ಬರುವ ನೀರಿನ ಅಕ್ರಿಲಿಕ್ ಬಣ್ಣ ಬಾಗುತ್ತದೆ, ಒಳಗಿನ ಆವಿಯನ್ನೂ ಸ್ವಲ್ಪ ಹೊರಗೆ ಬಿಡುತ್ತದೆ. ನನ್ನ ಕೇಳಿದರೆ ಸಮುದ್ರದ ಕಡೆಯ ಕಿಟಕಿಗೆ ಆಯಿಲ್ ಪ್ರೈಮರ್ ಮೇಲೆ ಅಕ್ರಿಲಿಕ್, ಕೈ ಜಾಸ್ತಿ ತಾಗುವ ಗೇಟಿಗೆ, ಬಾಗಿಲಿಗೆ ಎನಾಮೆಲ್. ಅಕ್ರಿಲಿಕ್ ಹೊಡೆದ ಕದವನ್ನು ಮೊದಲ ಕೆಲವು ದಿನ ಬಿಗಿಯಾಗಿ ಮುಚ್ಚಬೇಡಿ, ಚೌಕಟ್ಟಿಗೆ ಅಂಟಿಕೊಂಡು ಕೀಳುವಾಗ ಕಿತ್ತು ಬರುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ್ದಕ್ಕೆ ಕಡು ಬಣ್ಣವೂ ಬೇಡ, ಮಧ್ಯಾಹ್ನ ಮುಟ್ಟಲಾರದಷ್ಟು ಕಾಯುತ್ತದೆ, ಬಿರುಕು ಬೇಗ.

ಬೆಂಚು, ಉಯ್ಯಾಲೆ ಹಲಗೆ, ಡೆಕ್, ಇವಕ್ಕೆ ಪದರ ಕಟ್ಟದ, ಬಣ್ಣ ಬೆರೆತ ವುಡ್ ಸ್ಟೇನ್ ಸರಿ. ಮರದೊಳಗೆ ಇಳಿಯುತ್ತದೆ, ಗೆರೆ ಕಾಣುತ್ತದೆ, ಸಿಪ್ಪೆ ಏಳುವುದಿಲ್ಲ, ಮಂಕಾಗುತ್ತದೆ ಅಷ್ಟೇ. ಎರಡು ವರ್ಷಕ್ಕೊಮ್ಮೆ ತೊಳೆದು ಇನ್ನೊಂದು ಕೋಟ್ ಎಳೆದರೆ ಆಯಿತು. ಸೋಮಾರಿಗಳಿಗೆ ಇದಕ್ಕಿಂತ ಒಳ್ಳೆಯದು ಇಲ್ಲ, ನಾನೂ ಆ ಪಂಗಡದವನೇ. ಕೆಲಸ ಮುಗಿದ ಮೇಲೆ ಬೆಂಚಿನ ಕಾಲ ಕೆಳಗೆ ರಬ್ಬರ್ ತುಂಡೋ ಕಲ್ಲಿನ ಬಿಲ್ಲೆಯೋ ಇಡಿ, ನಿಂತ ನೀರಿನಲ್ಲಿ ಕಾಲು ಇರಬಾರದು.

ಅಗಸೆ ಎಣ್ಣೆ ಊರಲ್ಲಿ ನಡೆಯುತ್ತದೆ, ಇಲ್ಲಿ ಬರಿ ಎಣ್ಣೆ ಬೂಸ್ಟಿಗೆ ಊಟ. ಜುಲೈ ಹೊತ್ತಿಗೆ ಬಾಗಿಲು ಕಪ್ಪುಕಪ್ಪು. ಹಚ್ಚಲೇಬೇಕು ಅಂದರೆ ಬೇಯಿಸಿದ ಅಗಸೆ ಎಣ್ಣೆ ತೆಗೆದುಕೊಳ್ಳಿ, ತೆಳುವಾಗಿ ಹಚ್ಚಿ, ಕಾಲು ಗಂಟೆ ಬಿಟ್ಟು ಉಳಿದದ್ದನ್ನು ಪೂರ್ತಿ ಒರೆಸಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿ ತಾನಾಗಿಯೇ ಬೆಂಕಿ ಹತ್ತುತ್ತದೆ. ಹೆದರಿಸಲು ಹೇಳುವುದಲ್ಲ, ನಿಜವಾಗಿ ಹೀಗೆ ಆಗುತ್ತದೆ. ಬಿಡಿಸಿ ಹಗ್ಗಕ್ಕೆ ಹಾಕಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಗೇರೆಣ್ಣೆ

ಕರಾವಳಿಯಲ್ಲಿ ದೋಣಿಗೂ ಬೇಲಿ ಕಂಬಕ್ಕೂ ಹಿಂದಿನಿಂದ ಹಚ್ಚುತ್ತಿದ್ದದ್ದು ಗೇರುಬೀಜದ ಸಿಪ್ಪೆಯ ಎಣ್ಣೆ. ಗೇರು ಗೋವಾಕ್ಕೆ ಪೋರ್ಚುಗೀಸರ ಜೊತೆ ಬ್ರೆಜಿಲ್‌ನಿಂದ ಬಂದದ್ದು, ಆ ಎಣ್ಣೆ ಕಾರವಾರ, ಮಂಗಳೂರು ಕಡೆಯವರಿಗೂ ಹೊಸದಲ್ಲ. ಹುಳು, ಗೆದ್ದಲು ಹತ್ತಿರ ಬರುವುದಿಲ್ಲ, ನೀರೂ ಸುಲಭಕ್ಕೆ ಒಳಗೆ ಹೋಗುವುದಿಲ್ಲ. ಕಡುಗಂದು, ಅಂಟಂಟು, ಒಣಗಲು ದಿನಗಟ್ಟಲೆ ಬೇಕು. ಮೈಗೆ ತಾಗಿದರೆ ಸುಟ್ಟು ಗುಳ್ಳೆ ಏಳುತ್ತದೆ, ಹಸಿ ಗೇರುಬೀಜ ಒಡೆದವರಿಗೆ ಹೇಳಬೇಕಿಲ್ಲ. ಹಾಗಾಗಿ ಕೂರುವ ಜಾಗಕ್ಕೆ, ಹಿಡಿಯುವ ಜಾಗಕ್ಕೆ ಬೇಡ. ಮಣ್ಣಲ್ಲಿ ಹೂಳುವ ಕಂಬದ ಬುಡ, ಹಂಚಿನ ಕೆಳಗಿನ ರೀಪು, ದನದ ಕೊಟ್ಟಿಗೆಯ ಹೊರ ತೊಲೆ, ಇಂಥದ್ದಕ್ಕೆ ದಪ್ಪ ಕೈಗವಸು ಹಾಕಿ ಹಚ್ಚಿ. ಅದರ ಮೇಲೆ ಬಣ್ಣ ಹಿಡಿಯುವುದಿಲ್ಲ, ಮೊದಲೇ ತೀರ್ಮಾನ ಮಾಡಿಕೊಳ್ಳಿ. ಗ್ಯಾರೇಜಿನ ಸುಟ್ಟ ಆಯಿಲ್ ಪುಕ್ಕಟೆ ಸಿಗುತ್ತದೆ ಅಂತ ಬಳಿಯುವವರೂ ಇದ್ದಾರೆ. ಅದು ಯಾವತ್ತೂ ಒಣಗುವುದಿಲ್ಲ, ಮೊದಲ ಮಳೆಗೆ ಹರಿದು ಬಾವಿಯ ಕಡೆ ಹೋಗುತ್ತದೆ.

ಹೊಸ್ತಿಲು

ಇದು ನಮ್ಮ ಮನೆಗಳ ವಿಶೇಷ ಕಾಯಿಲೆ. ದಿನಾ ಬೆಳಿಗ್ಗೆ ಹೊಸ್ತಿಲಿಗೆ ನೀರು, ಅರಿಶಿನ, ಕುಂಕುಮ, ಮುಂದೆ ರಂಗೋಲಿ. ಗದಗದಲ್ಲಿ ಹತ್ತು ನಿಮಿಷದಲ್ಲಿ ಆರುವ ನೀರು ಇಲ್ಲಿ ಜುಲೈನಲ್ಲಿ ಸಂಜೆವರೆಗೂ ಆರುವುದಿಲ್ಲ, ಚೌಕಟ್ಟಿನ ಕಾಲು ಹೊಸ್ತಿಲ ಮೇಲೆ ಕೂತಿರುವ ಸಂದಿಯಲ್ಲಿ ನಿಲ್ಲುತ್ತದೆ. ಹಳದಿ ಎನಾಮೆಲ್ ಎಷ್ಟು ಸಲ ಹೊಡೆದರೂ ತುಳಿತಕ್ಕೆ ಸವೆಯುತ್ತದೆ, ಸವೆದ ಜಾಗದಿಂದ ನೀರು ಇಳಿದು ಉಳಿದ ಬಣ್ಣದ ಕೆಳಗೆ ಸೇರುತ್ತದೆ. ಪೂಜೆ ಬಿಡಿ ಅಂತ ಯಾರೂ ಹೇಳುವುದಿಲ್ಲ, ಹೇಳಿದರೂ ಮನೆಯಲ್ಲಿ ಕೇಳುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಕೂಡಲೇ ಒಣ ಬಟ್ಟೆ ಎಳೆಯಿರಿ, ಅರಿಶಿನ ಆಮೇಲೆ. ಚೌಕಟ್ಟು ಕೂರುವ ಸಂದಿಗೆ ಪಿಯು ಸೀಲೆಂಟ್ ಹಾಕಿ. ನೀರು ಮೇಲಿಂದ ಬೀಳುವ ಜಾಗ ಇದು, ಇಲ್ಲಿ ಮುಚ್ಚಲೇಬೇಕು. ಹೊಸ ಮನೆ ಕಟ್ಟುವವರು ಹೊಸ್ತಿಲಿನ ಹೊರ ಅರ್ಧಕ್ಕೆ ಗ್ರಾನೈಟ್ ಪಟ್ಟಿ ಕೂರಿಸಿಬಿಡಿ.

ಬಣ್ಣ ಹೊಡೆಯುವ ದಿನ

ಡಿಸೆಂಬರ್, ಜನವರಿಯಲ್ಲಿ ಒಳನಾಡಿನ ಕಡೆ ಬೆಳಿಗ್ಗೆ ಇಬ್ಬನಿ ಇರುತ್ತದೆ. ಒಂಬತ್ತು, ಹತ್ತು ಗಂಟೆಗೆ ಮರ ಒಣಗಿದೆ ಅಂತ ಕೈಯಿಟ್ಟು ನೋಡಿ ಶುರು ಮಾಡಿ, ಮಧ್ಯಾಹ್ನ ಮೂರೂವರೆಗೆ ನಿಲ್ಲಿಸಿ, ರಾತ್ರಿ ಇಬ್ಬನಿ ಬೀಳುವ ಮೊದಲು ಮೇಲಿನ ಪದರ ಹಿಡಿಯಬೇಕು. ನೆರಳನ್ನು ಹಿಂಬಾಲಿಸಿ. ಬೆಳಿಗ್ಗೆ ಪಶ್ಚಿಮದ ಕಿಟಕಿ, ಮಧ್ಯಾಹ್ನ ಪೂರ್ವದ್ದು. ಬಿಸಿಲಿಗೆ ಕಾದ ಮರದ ಮೇಲೆ ಹೊಡೆದರೆ ಮೇಲ್ಪದರ ಮೊದಲು ಒಣಗಿ ಒಳಗಿನ ದ್ರಾವಕ ಗುಳ್ಳೆ ಎಬ್ಬಿಸುತ್ತದೆ.

ತೆಳು ಕೋಟ್ ಎರಡು, ದಪ್ಪ ಕೋಟ್ ಒಂದಕ್ಕಿಂತ ಮೇಲು. ದಪ್ಪ ಎನಾಮೆಲ್ ಸುಕ್ಕುಗಟ್ಟುತ್ತದೆ. ಒಂದು ಲೀಟರ್‌ಗೆ ಒಂದು ಕೋಟ್ ಸುಮಾರು 100 ಚದರ ಅಡಿ ಅಂತ ಹಿಡಿಯಿರಿ, ಹಳೆ ಒರಟು ಮರಕ್ಕೆ ಅಷ್ಟೂ ಬರುವುದಿಲ್ಲ. ಎರಡು ಕೋಟ್ ನಡುವೆ ಒಂದು ರಾತ್ರಿ ಬಿಡಿ, ಡಬ್ಬಿಯ ಮೇಲೆ ಬರೆದಿರುವುದನ್ನು ಓದಿ.

ಆಮೇಲೆ ವರ್ಷಕ್ಕೊಂದು ಸಲ, ಮಳೆ ಹೋದ ಮೇಲೆ, ಸಿಹಿನೀರಿನಲ್ಲಿ ತೊಳೆದು ಕೆಳಗಿನ ಮೂಲೆಗಳನ್ನು ನೋಡಿ. ಸ್ಟೇನ್ ಹಾಕಿದ ಬೆಂಚಿನ ಮೇಲೆ ನಾಲ್ಕು ಹನಿ ನೀರು ಬಿಡಿ. ಮಣಿಯಾಗಿ ನಿಂತರೆ ಇನ್ನೊಂದು ವರ್ಷ ನಡೆಯುತ್ತದೆ, ಹೀರಿಕೊಂಡು ಕಲೆಯಾದರೆ ಕೋಟ್ ಬೇಕು. ಬಣ್ಣದ ಕೂದಲು ಸೀಳು ಕಂಡ ಕಡೆ ಉಜ್ಜಿ, ಪ್ರೈಮರ್ ತಾಗಿಸಿ, ಬಣ್ಣ ಮುಟ್ಟಿಸಿ. ಮಳೆಗಾಲಕ್ಕೆ ಪಶ್ಚಿಮದ ಕಿಟಕಿಗೆ ತೆಂಗಿನ ಗರಿಯ ತಟ್ಟಿಯೋ ನೀಲಿ ತಾಡಪಾಲೋ ಕಟ್ಟುವುದಾದರೆ ಮರಕ್ಕೆ ಅಂಟಿಸಿ ಕಟ್ಟಬೇಡಿ, ನಡುವೆ ಗಾಳಿ ಆಡುವಷ್ಟು ಜಾಗ ಇರಲಿ.

ಪೇಂಟರ್‌ಗೆ ಕೊಡುವುದಾದರೆ

ಡಿಸೆಂಬರ್‌ನಲ್ಲಿ ಒಳ್ಳೆ ಪೇಂಟರ್ ಸಿಗುವುದು ಕಷ್ಟ, ಅಕ್ಟೋಬರ್‌ನಲ್ಲೇ ಮಾತಾಡಿ ಇಟ್ಟುಕೊಳ್ಳಿ. ಬಣ್ಣ ನೀವೇ ತನ್ನಿ, ಮೊಹರು ನಿಮ್ಮೆದುರು ಒಡೆಯಲಿ. ಚದರ ಅಡಿಗೆ ಇಷ್ಟು ಅಂತ ಮಾತಾಡಿದರೆ ಅವನು ಉಜ್ಜುವುದರಲ್ಲಿ ಸಮಯ ಉಳಿಸುತ್ತಾನೆ, ಅದು ಅವನ ಹೊಟ್ಟೆಪಾಡು, ಹಾಗಾಗಿ ಕೆರೆಯುವುದಕ್ಕೂ ಉಜ್ಜುವುದಕ್ಕೂ ದಿನಗೂಲಿ, ಬಣ್ಣಕ್ಕೆ ಮಾತ್ರ ಚದರ ಅಡಿ ಲೆಕ್ಕ ಇಡಿ. ‘ಏಕ್ ಕೋಟ್ ಬಸ್ ಹೈ ಸಾಬ್’ (ಒಂದು ಕೋಟ್ ಸಾಕು ಸಾಹೇಬ್ರೆ) ಅನ್ನುವುದು ಖಂಡಿತ ಕೇಳಿಬರುತ್ತದೆ. ಅದಕ್ಕೊಂದು ಉಪಾಯ ಇದೆ. ಮೊದಲ ಕೋಟ್ ಪ್ರೈಮರ್ ಬಿಳಿ ಇರಲಿ, ಎರಡನೆಯ ಕೋಟಿನ ಪ್ರೈಮರ್‌ಗೆ ನಿಮ್ಮ ಎನಾಮೆಲ್‌ನದೇ ನಾಲ್ಕು ಚಮಚ ಬೆರೆಸಿ ಸ್ವಲ್ಪ ಬಣ್ಣ ಬರಿಸಿ. ಎಲ್ಲಿ ಬಿಟ್ಟಿದ್ದಾನೆ ಅನ್ನುವುದು ಬಿಳಿಯಾಗಿ ಎದ್ದು ಕಾಣುತ್ತದೆ. ದುಡ್ಡು ಕೊಡುವ ಮೊದಲು ಒಂದು ಸಣ್ಣ ಕನ್ನಡಿ ತಂದು ಕದದ ಕೆಳಗೆ ಹಿಡಿಯಿರಿ, ಆ ಕೆಳ ಅಂಚಿಗೆ ಬಣ್ಣ ಬಿದ್ದಿದೆಯೋ ಇಲ್ಲವೋ ಬಗ್ಗದೆಯೇ ಗೊತ್ತಾಗುತ್ತದೆ.